ಮತ್ತೆ ಉಪ್ಪು ಕಲಸಲಾ, ಬೇಡವಾ?

ಬಸವನಹುಳುಗಳು ಬೀಳತೊಡಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಗಾಜಿಗೆ ಅಂಟಿಕೊಂಡು ಪಾಚಿ ಮೇಯುತ್ತಾ ಎರಡು ಮೂರು ವರ್ಷದಿಂದ ಸುಖವಾಗಿದ್ದವು. ಒಂದೊಂದಾಗಿ ಮರಳಿನ ಮೇಲೆ ಬಿದ್ದು ಅಂಗಾತವಾದವು. ಎತ್ತಿ ನೆಟ್ಟಗೆ ಕೂರಿಸಿದರೆ ಮಾರನೇ ದಿನ ಮತ್ತೆ ಅಂಗಾತ. ಹತ್ತು ದಿನದಲ್ಲಿ ಹನ್ನೊಂದು ಹೋದವು. ವಯಸ್ಸಾಗಿರಬೇಕು ಅಂದುಕೊಂಡು ಇಕ್ಕಳದಲ್ಲಿ ಎತ್ತಿ ಹಸಿಕಸದ ಬಕೆಟ್ಟಿಗೆ ಹಾಕಿದೆ. ಹನ್ನೊಂದಕ್ಕೂ ಒಟ್ಟಿಗೇ ವಯಸ್ಸಾಗುತ್ತದಾ ಅಂತ ಆಗ ಹೊಳೆಯಲೇ ಇಲ್ಲ.

ಇದು 2024ರ ಮೇ ತಿಂಗಳ ಮಾತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಹಾಲ್‌ನಲ್ಲಿರುವ ಟ್ಯಾಂಕ್ ಸತ್ತೂ ಇಲ್ಲ, ಬದುಕಿಯೂ ಇಲ್ಲ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 240 ಲೀಟರ್ ಉಪ್ಪುನೀರು, ಅದರಲ್ಲಿ ಹವಳ, ಮೀನು. ಇಂಥದ್ದಕ್ಕೆ ರೀಫ್ ಟ್ಯಾಂಕ್ ಅನ್ನುತ್ತಾರೆ. ಮೊದಲೆಲ್ಲ ಮನೆಗೆ ಬಂದವರು ಕಾಫಿ ಆರಿಹೋಗುವವರೆಗೆ ಅದರ ಮುಂದೆ ನಿಂತಿರುತ್ತಿದ್ದರು. ಈಗ ಬಂದವರು ಟ್ಯಾಂಕ್ ನೋಡಿ, ನನ್ನ ಮುಖ ನೋಡಿ, ಮಳೆ ವಿಷಯ ಮಾತಾಡುತ್ತಾರೆ.

ಹೆಂಡತಿಯ ಪ್ರಶ್ನೆ ಒಂದೇ. "ರೀ, ಇದನ್ನ ಸರಿ ಮಾಡ್ತೀರಾ, ಇಲ್ಲ ತೆಗೀತೀರಾ? ಯಾವುದಾದ್ರೂ ಒಂದು ಹೇಳಿ." ನಾನು "ಈ ಭಾನುವಾರ ನೋಡ್ತೀನಿ" ಅನ್ನುತ್ತಲೇ ವರ್ಷ ದಾಟಿಸಿದೆ. ಹೋದ ತಿಂಗಳು ಕೊನೆಗೂ ಒಂದು ಭಾನುವಾರ ಪೆನ್ನು ಕಾಗದ ಹಿಡಿದು ಕೂತೆ.

ಮೊದಲು ಇದು ಶುರುವಾದ ಕಥೆ ಹೇಳಿಬಿಡುತ್ತೇನೆ. ನಾನು ಕುಂದಾಪುರದ ಕಡೆಯವನು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಮಗೆ ಅದು ಬಸ್ಸಿನ ಕಿಟಕಿಯಲ್ಲಿ ದಿನಾ ಕಾಣುವ ದಾರಿ. ಸಮುದ್ರ ಅಂದರೆ ದಡದಿಂದ ನೋಡುವಂಥದ್ದು, ಇಲ್ಲಾ ಬಂಗುಡೆ ಬರುವ ಜಾಗ. ಒಳಗೆ ಏನಿದೆ ಅಂತ ನೋಡಿದ್ದು 2016ರಲ್ಲಿ, ಅದೂ ಬೆಂಗಳೂರಿನ ಗೆಳೆಯರ ಜೊತೆ ಟೂರ್ ಹೋದಾಗ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಬೆನ್ನಿಗೆ ಸಿಲಿಂಡರ್ ಕಟ್ಟಿ ಮುಳುಗಿಸಿದರು. ಬಂಡೆ ತುಂಬ ಹವಳ, ಹವಳದ ಸಂದಿಸಂದಿಯಲ್ಲಿ ಮೀನು. ಇಪ್ಪತ್ತು ನಿಮಿಷ ಅಷ್ಟೇ. ವಾಪಸ್ ದೋಣಿ ಹತ್ತಿ ಚೆನ್ನಾಗಿ ವಾಂತಿ ಮಾಡಿಕೊಂಡೆ. ಆದರೂ ಆ ಇಪ್ಪತ್ತು ನಿಮಿಷ ತಲೆಯಿಂದ ಇಳಿಯಲಿಲ್ಲ. 2017ರಲ್ಲಿ ಟ್ಯಾಂಕ್ ಬಂತು.

ಅಮ್ಮ ಆಗ ಊರಿಂದ ಬಂದಿದ್ದರು. ನಾನು ಬಕೆಟ್‌ನಲ್ಲಿ ಉಪ್ಪು ಕಲಸುತ್ತಿದ್ದೆ. ವಿದೇಶದಿಂದ ಬರುವ ಉಪ್ಪು, ಒಂದು ಡಬ್ಬಕ್ಕೆ ಹತ್ತಿರ ಹತ್ತಿರ ಎಂಟು ಸಾವಿರ. ಬೆಲೆ ಕೇಳಿ ಅವರು ನಕ್ಕ ನಗು ಇನ್ನೂ ನೆನಪಿದೆ. "ಎಂತ ಮಾರಾಯ, ಸಮುದ್ರದ ಬುಡದಲ್ಲಿ ಹುಟ್ಟಿ, ಇಲ್ಲಿ ಬಂದು ದುಡ್ಡು ಕೊಟ್ಟು ಉಪ್ಪು ತಂದು ನೀರಿಗೆ ಹಾಕ್ತಾ ಇದ್ದೀಯಲ್ಲ. ಅಲ್ಲಿಂದ ನಾಲ್ಕು ಕ್ಯಾನ್ ತುಂಬಿಸ್ಕೊಂಡು ಬರ್ಲಿಕ್ಕೆ ಆಗುದಿಲ್ವಾ?"

ಅದನ್ನೂ ಮಾಡಿದೆ. ಕಾರಿನ ಡಿಕ್ಕಿಯಲ್ಲಿ 20 ಲೀಟರಿನ ಐದು ಕ್ಯಾನ್ ಮರವಂತೆ ನೀರು. ಹುಲಿಕಲ್ ಘಾಟಿಯ ತಿರುವಿನಲ್ಲಿ ಒಂದರ ಮುಚ್ಚಳ ಬಿಚ್ಚಿಕೊಂಡಿತು. ಕಾರು ಆರು ತಿಂಗಳು ಬಂದರಿನ ವಾಸನೆ ಹೊಡೆಯಿತು. ಮನೆಗೆ ಬಂದು ಅಳೆದರೆ ಉಪ್ಪಿನಂಶ ಲೀಟರಿಗೆ 31 ಗ್ರಾಂ. ಹವಳಕ್ಕೆ 35 ಬೇಕು. ಮಳೆ ಮುಗಿದ ಹೊಸದರಲ್ಲಿ ತುಂಬಿದರೆ ಇನ್ನೇನಾಗುತ್ತದೆ?

ಹಾಗಾದರೆ ಅಡುಗೆ ಉಪ್ಪು ಹಾಕಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಸಮುದ್ರದ ಉಪ್ಪಿನಲ್ಲಿ ದೊಡ್ಡ ಪಾಲು ಅಡುಗೆ ಉಪ್ಪೇ, ನಿಜ. ಹವಳಕ್ಕೆ ಬೇಕಾದ್ದು ಉಳಿದ ಚಿಲ್ಲರೆ ಪಾಲು: ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್, ಬೈಕಾರ್ಬೊನೇಟ್. ಹವಳ ಅಂದರೆ ಒಂದು ಸಣ್ಣ ಪ್ರಾಣಿಗಳ ವಠಾರ. ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ಎಳೆದುಕೊಂಡು ತಾನು ಕೂರುವ ಸುಣ್ಣದ ಮನೆ ತಾನೇ ಕಟ್ಟಿಕೊಳ್ಳುತ್ತದೆ. ಎಷ್ಟು ಕಟ್ಟುತ್ತಿದೆ ಅಂತ ನಾವು ಹೊರಗಿನಿಂದ ಅಳೆಯಬಹುದು. ಐದು ಮಿಲಿ ನೀರು ಶೀಶೆಗೆ ಹಾಕಿ, ಬಣ್ಣ ತಿರುಗುವವರೆಗೆ ಸಿರಿಂಜಿನಿಂದ ಹನಿ ಹನಿಯಾಗಿ ಔಷಧಿ ಬಿಡಬೇಕು. ಅದು ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅಂತ ತೋರಿಸುವ ಟೆಸ್ಟ್. ಇವತ್ತು 8.5 ಇದ್ದದ್ದು ನಾಳೆ 7.5 ಆಗಿದ್ದರೆ ಹವಳ ಚೆನ್ನಾಗಿ ಬೆಳೆಯುತ್ತಿದೆ. ಮೇಸ್ತ್ರಿ ಎಷ್ಟು ಮೂಟೆ ಸಿಮೆಂಟ್ ಖಾಲಿ ಮಾಡಿದ ಅಂತ ನೋಡಿ ಗೋಡೆ ಎಷ್ಟು ಎದ್ದಿದೆ ಎಂದು ಲೆಕ್ಕ ಹಾಕಿದ ಹಾಗೆ.

2020, 2021ರಲ್ಲಿ ನಮ್ಮ ಟ್ಯಾಂಕಿನಲ್ಲಿ ದಿನಕ್ಕೆ ಒಂದು ಪಾಯಿಂಟಿಗಿಂತ ಜಾಸ್ತಿ ಇಳಿಯುತ್ತಿತ್ತು. ಲಾಕ್‌ಡೌನ್. ನಾನು ಮನೆಯಲ್ಲೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಟ್ಯಾಂಕ್ ಮುಂದೆ ಅರ್ಧ ಗಂಟೆ. ಮಧ್ಯಾಹ್ನ ಮೀಟಿಂಗ್ ನಡುವೆ ಐದು ನಿಮಿಷ. ಪಂಪಿನ ಶಬ್ದ ಸ್ವಲ್ಪ ಬದಲಾದರೂ ಅಡುಗೆಮನೆಯಿಂದ ಗೊತ್ತಾಗುತ್ತಿತ್ತು. ಆ ಎರಡು ವರ್ಷ ನಾನು ರೀಫ್ ಟ್ಯಾಂಕ್ ವಿಷಯದಲ್ಲಿ ಭಾರಿ ಜಾಣ ಅಂದುಕೊಂಡಿದ್ದೆ. ಸಿಕ್ಕಸಿಕ್ಕವರಿಗೆ ಬುದ್ಧಿ ಹೇಳುತ್ತಿದ್ದೆ.

2022ರಲ್ಲಿ ಆಫೀಸ್ ಮತ್ತೆ ಶುರುವಾಯಿತು. ಮೊದಲು ವಾರಕ್ಕೆ ಎರಡು ದಿನ, ಆಮೇಲೆ ಮೂರು, ಆಮೇಲೆ ಐದು. ಔಟರ್ ರಿಂಗ್ ರೋಡಿನಲ್ಲಿ ಹೋಗಿ ಬರುವವರಿಗೆ ಮುಂದಿನದು ಹೇಳಬೇಕಾಗಿಲ್ಲ. ನನ್ನ ಜಾಗಕ್ಕೆ ಯಂತ್ರ ಇಟ್ಟೆ. ಕ್ಯಾಲ್ಸಿಯಂ ಹಾಕಲು ಡೋಸಿಂಗ್ ಪಂಪ್. ಆವಿಯಾದ ನೀರು ತುಂಬಲು ಇನ್ನೊಂದು ಪಂಪ್. ಉಪ್ಪು ಆವಿಯಾಗುವುದಿಲ್ಲ, ನೀರು ಮಾತ್ರ ಹೋಗುತ್ತದೆ, ಹಾಗಾಗಿ ದಿನಾ ಮೂರು ನಾಲ್ಕು ಲೀಟರ್ ಸಿಹಿನೀರು ತುಂಬುತ್ತಲೇ ಇರಬೇಕು. ಯಂತ್ರಗಳು ಹೇಳಿದ ಕೆಲಸ ಮಾಡಿದವು. ಆದರೆ ಯಂತ್ರ ಟ್ಯಾಂಕ್ ಮುಂದೆ ಕಾಫಿ ಹಿಡಿದು ನಿಲ್ಲುವುದಿಲ್ಲ ನೋಡಿ.

ಆಮೇಲೆ 2024 ಬಂತು. ಬೆಂಗಳೂರಿನವರಿಗೆ ಆ ಬೇಸಿಗೆ ನೆನಪಿರುತ್ತದೆ. ಫೆಬ್ರವರಿಯಲ್ಲೇ ನಮ್ಮ ಅಪಾರ್ಟ್‌ಮೆಂಟಿನ ಎರಡು ಬೋರ್‌ವೆಲ್ ಒಣಗಿದವು. ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಮೀನಿನ ಟ್ಯಾಂಕಿನ ಮಾತು ಅದರಲ್ಲಿ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಇತ್ತು.

ಯಾಕೆ ಅಂದರೆ ರೀಫ್ ಟ್ಯಾಂಕಿಗೆ ನಲ್ಲಿ ನೀರು ಆಗುವುದಿಲ್ಲ. ಆರ್‌ಓ ಮೂಲಕ ಬಿಟ್ಟು, ಆಮೇಲೆ ಉಳಿದ ಲವಣ ಹೀರುವ ರೆಸಿನ್ ತುಂಬಿದ ಇನ್ನೊಂದು ಕೊಳವೆಯಲ್ಲಿ ಹಾಯಿಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಸೊನ್ನೆ ಬಂದ ಮೇಲೆ ಉಪ್ಪು ಹಾಕಬೇಕು. ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ಹೊರಗೆ ಹೋಗುತ್ತದೆ. ವಾರಕ್ಕೆ ನನಗೆ ಬೇಕಾದ್ದು ಹೆಚ್ಚುಕಮ್ಮಿ 50 ಲೀಟರ್. ಅಂದರೆ 150 ಲೀಟರ್ ಮೋರಿಗೆ. ಮೋರಿಗೆ ಅಂದರೆ ತಪ್ಪು, ಡ್ರಮ್‌ನಲ್ಲಿ ಹಿಡಿದು ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸುತ್ತಿದ್ದೆವು. ಆದರೂ ಕೆಳಗಡೆ ಟ್ಯಾಂಕರ್ ಬಂತು ಅಂತ ಜನ ಓಡುವಾಗ, ಮೂರನೇ ಮಹಡಿಯಲ್ಲಿ ಮೀನಿಗೆ ನೀರು ಬದಲಾಯಿಸುವುದು ಅಂದರೆ ಕದ್ದು ತಿಂದ ಹಾಗೆ ಅನ್ನಿಸುತ್ತಿತ್ತು. ಎರಡು ತಿಂಗಳು ನೀರು ಬದಲಾಯಿಸಲೇ ಇಲ್ಲ. ಆವಿಯಾದದ್ದನ್ನು ಮಾತ್ರ ತುಂಬಿದೆ.

ಆ ಟ್ಯಾಂಕರ್ ನೀರಿನ ಟಿಡಿಎಸ್ 1,100. ನನ್ನ ರೆಸಿನ್ ಅದನ್ನು ತಿಂದು ತಿಂದು ಯಾವತ್ತೋ ಸತ್ತಿತ್ತು. ನನಗೆ ಗೊತ್ತಾಗಲಿಲ್ಲ. ಟಿಡಿಎಸ್ ಮೀಟರಿನ ಬ್ಯಾಟರಿ ಹೋಗಿತ್ತು. ಮೂವತ್ತು ರೂಪಾಯಿಯ ಗುಂಡಿ ಬ್ಯಾಟರಿ. "ತರಬೇಕು" ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿ ಮೂರು ತಿಂಗಳಾಗಿತ್ತು.

ಹೀಗೆ ಫಾಸ್ಫೇಟು, ಸಿಲಿಕೇಟು ಎಲ್ಲ ಒಳಗೆ ಬಂತು. ಬಂಡೆ ಮೇಲೆ ಹಸಿರು ಕೂದಲಿನಂಥ ಪಾಚಿ ಎದ್ದಿತು. ಅಲ್ಲಿ ನಾನು ಸುಮ್ನೆ ಇದ್ದು, ರೆಸಿನ್ ಬದಲಾಯಿಸಿ, ಕೈಯಲ್ಲಿ ಪಾಚಿ ಕಿತ್ತಿದ್ದರೆ ಸಾಕಿತ್ತು. ಗಾಬರಿ ಬಿದ್ದೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಎರಡು ಪಟ್ಟು ಹಾಕಿದೆ. ಅದರ ಜೊತೆ ವೋಡ್ಕಾ.

ಹೌದು, ವೋಡ್ಕಾ. ಸಕ್ಕರೆಯ ಹಾಗೆ ಅದೂ ಬ್ಯಾಕ್ಟೀರಿಯಾಕ್ಕೆ ಆಹಾರ. ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಹೆಚ್ಚುವಾಗ ನೀರಿನ ನೈಟ್ರೇಟು ಫಾಸ್ಫೇಟು ಎಳೆದುಕೊಳ್ಳುತ್ತದೆ, ಆಮೇಲೆ ಸ್ಕಿಮ್ಮರ್ ಅದನ್ನು ನೊರೆಯ ಜೊತೆ ಹೊರಗೆ ಹಾಕುತ್ತದೆ. ದಿನಕ್ಕೆ ಅರ್ಧ ಮಿಲಿ, ಒಂದು ಮಿಲಿ, ಹೀಗೆ ಲೆಕ್ಕದಲ್ಲಿ ಹಾಕಬೇಕು. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಬಾಟಲಿ ನೋಡಿ ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೀನಿಗೆ ಅಂದರೆ ಯಾರು ನಂಬುತ್ತಾರೆ?

ಮೂರು ವಾರದಲ್ಲಿ ಟೆಸ್ಟ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ಪಾಚಿ ಉದುರಿಹೋಯಿತು. ನೀರು ಗಾಜಿನ ಹಾಗೆ ಆಯಿತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅದೇ ವಾರ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಕಾಣಿಸಿತು. ಬೆಳಿಗ್ಗೆ ತೆಳ್ಳಗೆ, ಮಧ್ಯಾಹ್ನದ ಹೊತ್ತಿಗೆ ದಪ್ಪ, ನೆಗಡಿ ಸಿಂಬಳದ ಹಾಗೆ ಎಳೆ ಎಳೆ, ಒಂದೊಂದು ಎಳೆಯ ತುದಿಗೂ ಒಂದು ಗಾಳಿಗುಳ್ಳೆ. ರಾತ್ರಿ ಲೈಟ್ ಆರಿದರೆ ಮಾಯ. ಮತ್ತೆ ಬೆಳಿಗ್ಗೆ ಹಾಜರು.

ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ 38 ಡಿಗ್ರಿ ದಾಟಿತು. ದಿನಾ ಕರೆಂಟ್ ಹೋಗುತ್ತಿತ್ತು. ಪಂಪುಗಳಿಗೆ ಇನ್ವರ್ಟರ್ ಸಾಕು, ನೀರು ತಂಪು ಮಾಡುವ ಚಿಲ್ಲರ್ ಎಳೆಯುವಷ್ಟು ಶಕ್ತಿ ಅದಕ್ಕಿಲ್ಲ. ಒಂದು ದಿನ ಆಫೀಸಿನಿಂದ ಬಂದು ನೋಡಿದರೆ ಟ್ಯಾಂಕ್ ನೀರು 31.5 ಡಿಗ್ರಿ. ಇರಬೇಕಾದ್ದು 26. ಲೋಳೆಯ ಜೊತೆ ಹೆಣಗುತ್ತಿದ್ದ ಹವಳಗಳಿಗೆ ಅಷ್ಟೇ ಸಾಕಾಯಿತು. ಐದು ವರ್ಷದ ಅಕ್ರೋಪೋರಾ ಅನ್ನುವ ಗಟ್ಟಿ ಹವಳ, ಕೊಂಬೆ ಕೊಂಬೆಯಾಗಿ ಬೆಳೆದದ್ದು, ಮೂರು ದಿನದಲ್ಲಿ ಬುಡದಿಂದ ತುದಿಯವರೆಗೆ ಬಿಳಿಚಿಕೊಂಡಿತು. ಹವಳದ ಮೈಯಲ್ಲಿ ಒಂದು ಬಗೆಯ ಸೂಕ್ಷ್ಮ ಪಾಚಿ ಒಕ್ಕಲಿರುತ್ತದೆ. ಬಣ್ಣ ಅದರದ್ದು, ಊಟದ ಬಹುಪಾಲೂ ಅದರದ್ದು. ಬಿಸಿ ಜಾಸ್ತಿಯಾದರೆ ಹವಳ ಆ ಒಕ್ಕಲನ್ನು ಹೊರಗೆ ಹಾಕುತ್ತದೆ. ಆಮೇಲೆ ನಮಗೆ ಬಿಳಿಯಾಗಿ ಕಾಣುವುದು ಗಾಜಿನಂಥ ಚರ್ಮದ ಒಳಗಿನ ಸುಣ್ಣ. ಸತ್ತಿರುವುದಿಲ್ಲ, ಹಸಿದಿರುತ್ತದೆ. ತಣ್ಣಗಾದರೆ ಒಕ್ಕಲು ವಾಪಸ್ ಬರಬಹುದು. ನನ್ನದಕ್ಕೆ ಬರಲಿಲ್ಲ.

ಅದೇ ಏಪ್ರಿಲ್ 15ಕ್ಕೆ ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾ, ಜಗತ್ತಿನ ಸಮುದ್ರಗಳಲ್ಲಿ ನಾಲ್ಕನೇ ಸಲ ಸಾಮೂಹಿಕವಾಗಿ ಹವಳ ಬಿಳಿಚುತ್ತಿದೆ ಅಂತ ಘೋಷಿಸಿತ್ತು. ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಲಕ್ಷದ್ವೀಪದ ಹವಳವೂ ಭಾರಿ ಪ್ರಮಾಣದಲ್ಲಿ ಬಿಳಿಚಿದೆ ಅಂದರು. ಪೇಪರಿನಲ್ಲಿ ಆ ಸುದ್ದಿ ಓದುವಾಗ ನಾನು ಟ್ಯಾಂಕ್ ಮುಂದೆಯೇ ಕೂತಿದ್ದೆ. ಅಲ್ಲಿಗೆ ಚಿಲ್ಲರ್ ಇಡುವವರು ಯಾರೂ ಇಲ್ಲ. ನನ್ನ ಹತ್ತಿರ ಚಿಲ್ಲರ್ ಇತ್ತು.

ಲೋಳೆ ಏನು ಅಂತ ಪತ್ತೆ ಮಾಡಿದ್ದು ಮಗಳು. ಅವಳ ಸ್ಕೂಲಿನಲ್ಲಿ ಫೋಲ್ಡ್‌ಸ್ಕೋಪ್ ಕೊಟ್ಟಿದ್ದರು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ಮಾಡಿದ, ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಒಂದು ಹನಿ ಲೋಳೆ ಹಾಕಿ, ಕಿಟಕಿ ಕಡೆ ಹಿಡಿದು ನೋಡಿದಳು. "ಅಪ್ಪಾ, ಕುಂಬಳ ಬೀಜದ ಥರ ಇದೆ. ಸುತ್ತುತ್ತಾ ಇದೆ." ನಾನೂ ನೋಡಿದೆ. ಒಂದು ಕಡೆ ಚೂಪಾದ ನೂರಾರು ಕಂದು ಬೀಜಗಳು. ಪ್ರತಿಯೊಂದೂ ಚೂಪು ತುದಿಯನ್ನು ಒಂದು ದಾರಕ್ಕೆ ಕಟ್ಟಿಕೊಂಡು, ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತುತ್ತಿದ್ದವು. ಆಸ್ಟ್ರಿಯಾಪ್ಸಿಸ್ ಅಂತ ಅದರ ಹೆಸರು. ಡೈನೋಫ್ಲಾಜೆಲೇಟ್ ಅನ್ನುವ ಏಕಕೋಶ ಜೀವಿಗಳ ಜಾತಿ, ಚಿಕ್ಕದಾಗಿ ಡೈನೋ. ವಿಷ ಇರುತ್ತದೆ. ಬಸವನಹುಳು ಅದನ್ನು ಮೇಯ್ದರೆ ಸಾಯುತ್ತವೆ. ಹನ್ನೊಂದಕ್ಕೂ ಯಾಕೆ ಒಟ್ಟಿಗೇ "ವಯಸ್ಸಾಯಿತು" ಅಂತ ಆಗ ಗೊತ್ತಾಯಿತು.

ಇದು ಬರುವುದು ನೀರು ಹೊಲಸಾದಾಗಲ್ಲ. ನೈಟ್ರೇಟು ಫಾಸ್ಫೇಟು ಸೊನ್ನೆಗೆ ಇಳಿದು, ಉಳಿದ ಪಾಚಿ, ಬ್ಯಾಕ್ಟೀರಿಯಾ ಎಲ್ಲ ಹಸಿವಿಗೆ ಸತ್ತು ಜಾಗ ಖಾಲಿಯಾದಾಗ ಇದು ಬಂದು ಕೂರುತ್ತದೆ. ನಾನು ತೊಳೆದು ತೊಳೆದು ಅದಕ್ಕೆ ಸೈಟ್ ಸಮತಟ್ಟು ಮಾಡಿ ಕೊಟ್ಟಿದ್ದೆ.

ಈಗ ಆ ಭಾನುವಾರದ ಕಾಗದಕ್ಕೆ ಬರುತ್ತೇನೆ. ಮೇಲೆ ಬರೆದದ್ದು: "ಎಲ್ಲ ಖಾಲಿ ಮಾಡಿ ಹೊಸದಾಗಿ ಶುರು." ಓದಲು ಎಷ್ಟು ಹಿತವಾಗಿದೆ ಅಲ್ವಾ? ಮರಳು ಎಸೆ, ಬಂಡೆಗಳನ್ನು ಬ್ಲೀಚಿನಲ್ಲಿ ನೆನೆಸು, ತೊಳೆ, ಒಣಗಿಸು, ಹೊಸ ಉಪ್ಪು ಕಲಸು. ಹಳೇ ಪಾಪ ತೊಳೆದ ಹಾಗೆ. ಅಮ್ಮ ಕೇಳಿಸಿಕೊಂಡು, "ಬ್ಲೀಚ್ ಯಾಕೆ, ಊರಲ್ಲಿ ದೊಡ್ಡ ಹಂಡೆ ಇದೆಯಲ್ಲ, ಅದರಲ್ಲಿ ಕಲ್ಲು ಹಾಕಿ ಕುದಿಸಿದ್ರೆ ಆಯ್ತು" ಅಂದರು. ಇದೊಂದನ್ನು ಓದುವವರಿಗೂ ಜೋರಾಗಿ ಹೇಳುತ್ತೇನೆ: ರೀಫ್ ಟ್ಯಾಂಕಿನ ಕಲ್ಲನ್ನು ಯಾವತ್ತೂ ಕುದಿಸಬೇಡಿ. ಅದರ ಮೇಲೆ ಝೋಆಂಥಿಡ್ ಹವಳಗಳಿದ್ದರೆ ಪ್ಯಾಲಿಟಾಕ್ಸಿನ್ ಅನ್ನುವ ವಿಷ ಇರಬಹುದು. ಕುದಿಸಿದರೆ ಸಾಯುವುದಿಲ್ಲ, ಆವಿಯ ಜೊತೆ ಮನೆ ತುಂಬ ಹರಡುತ್ತದೆ. ಹೀಗೆ ಮಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ಆಗಿವೆ.

ಹಂಡೆ ಬಿಡಿ. ಬ್ಲೀಚಿನಲ್ಲೇ ಮಾಡಿದೆ ಅಂದುಕೊಳ್ಳೋಣ. ಆಮೇಲೆ? ಸತ್ತ ಬಂಡೆಯಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ, ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವ ಚಕ್ರ ನಿಲ್ಲಲು ನಾಲ್ಕರಿಂದ ಆರು ವಾರ. ಅದು ಬರೀ ಮೊದಲ ಮೆಟ್ಟಿಲು. ಆಮೇಲೆ ಕಂದು ಧೂಳಿನಂಥ ಡಯಾಟಮ್, ಅದು ಹೋದರೆ ಹಸಿರು ಕೂದಲು, ಅದು ಹೋದರೆ ಕೆಂಪು ಚಾಪೆಯಂಥ ಸಯನೋ. ಹೀಗೆ ವರ್ಷ. ಅದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಖಾಲಿ ಬಂಡೆ, ಖಾಲಿ ಮರಳು, ಸೊನ್ನೆ ನೈಟ್ರೇಟ್. ಡೈನೋಗೆ ಇದಕ್ಕಿಂತ ಇಷ್ಟದ ಜಾಗ ಇಲ್ಲ! ಯಾವ ರೋಗಕ್ಕೆ ಹೆದರಿ ಎಲ್ಲ ಕೆಡವುತ್ತೇನೋ, ಕೆಡವಿದ ಮೇಲೆ ಅದೇ ರೋಗಕ್ಕೆ ಬಾಗಿಲು ತೆಗೆದಿಟ್ಟ ಹಾಗೆ. ಆ ಸಾಲನ್ನು ಅಲ್ಲೇ ಹೊಡೆದು ಹಾಕಿದೆ.

ಎರಡನೇ ಸಾಲು: "ಎಲ್ಲ ಮಾರಿಬಿಡು." ಇದನ್ನು ಹೊಡೆದು ಹಾಕಲು ಅಷ್ಟು ಸುಲಭವಾಗಲಿಲ್ಲ. ಲೆಕ್ಕವೆಲ್ಲ ಅದರ ಪರವಾಗಿಯೇ ಇತ್ತು. ಲೈಟು, ಪಂಪು, ಚಿಲ್ಲರ್ ಸೇರಿ ದಿನಕ್ಕೆ ಐದು ಯೂನಿಟ್ ಕರೆಂಟ್. ತಿಂಗಳಿಗೆ 150. 2023ರ ಜುಲೈಯಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನವರಿಗೆ ಸೊನ್ನೆ ಬಿಲ್ಲು. ಪಕ್ಕದ ಮನೆಯವರದ್ದು ಸೊನ್ನೆ, ಎದುರು ಮನೆಯವರದ್ದು ಸೊನ್ನೆ. ನಮ್ಮದು ಯಾವತ್ತೂ ಇನ್ನೂರು ದಾಟಿಯೇ ಇರುತ್ತದೆ. ಪ್ರತಿ ತಿಂಗಳು ಬಿಲ್ಲನ್ನು ಹೆಂಡತಿ ಟ್ಯಾಂಕಿನ ಗಾಜಿಗೇ ಅಂಟಿಸುತ್ತಾಳೆ. ಏನೂ ಹೇಳುವುದಿಲ್ಲ. ಅಂಟಿಸುತ್ತಾಳೆ ಅಷ್ಟೇ.

ಇನ್ನೊಂದು ವಿಷಯವೂ ಇತ್ತು. ನಾನು ಇಷ್ಟು ವರ್ಷ ಅದರ ಕಡೆ ನೋಡದೇ ತಪ್ಪಿಸಿಕೊಂಡಿದ್ದೆ. ಬಂಡೆ ಕಟ್ಟುವ ಹವಳಗಳು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ನಮ್ಮ ಸಮುದ್ರದಿಂದ ಒಂದು ಚೂರು ಮುರಿದು ತಂದರೂ ಅಪರಾಧ. ನಾನು ತಂದ ತುಂಡುಗಳನ್ನು "ಇಂಡೋನೇಷ್ಯಾದಲ್ಲಿ ಬೆಳೆಸಿದ್ದು ಸಾರ್" ಅಂತ ಅಂಗಡಿಯವರು ಹೇಳಿದ್ದರು. ಇರಬಹುದು. ನಾನು ಕಾಗದ ಕೇಳಲಿಲ್ಲ. ಕೇಳಿದರೆ ಇಲ್ಲ ಅಂದುಬಿಟ್ಟರೆ ಅನ್ನುವ ಭಯಕ್ಕೇ ಕೇಳಲಿಲ್ಲ. ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳಿದ್ದವು. ಸುಣ್ಣಕ್ಕಾಗಿ ಹವಳದ ಕಲ್ಲು ಅಗೆದು ಅಗೆದು ಎರಡು ದ್ವೀಪ ನೀರಿನಡಿ ಹೋಗಿವೆ. ಅಲ್ಲಿ ಅಗೆದವರದ್ದು ಹೊಟ್ಟೆಪಾಡು. ನನ್ನದು ಹಾಲ್‌ನ ಅಲಂಕಾರ. ಇನ್ನೊಮ್ಮೆ ಶುರು ಮಾಡಿದರೂ ಗಟ್ಟಿ ಹವಳ ತರುವುದಿಲ್ಲ ಅಂತ ಕಾಗದದ ಮೂಲೆಯಲ್ಲಿ ಬರೆದು ಎರಡು ಗೆರೆ ಎಳೆದೆ.

ಹಾಗಾದರೆ ಮಾರುವುದೇ ಸರಿ ತಾನೇ? ಅಷ್ಟೊತ್ತಿಗೆ ಮೀನುಗಳು ಗಾಜಿನ ಹತ್ತಿರ ಬಂದು ಬಾಯಿ ಬಿಟ್ಟು ನಿಂತವು.

ಎರಡು ಕ್ಲೌನ್ ಫಿಶ್. ಕಿತ್ತಳೆ ಮೈ, ಬಿಳಿ ಪಟ್ಟೆ. ಹ್ಯಾಚರಿಯಲ್ಲಿ ಹುಟ್ಟಿದವು, ಸಮುದ್ರ ಕಂಡಿಲ್ಲ. 2018ರಿಂದ ಇಲ್ಲೇ ಇವೆ. ಈ ಜಾತಿಯಲ್ಲಿ ಎಲ್ಲವೂ ಹುಟ್ಟುವಾಗ ಗಂಡು. ಗುಂಪಿನಲ್ಲಿ ದೊಡ್ಡದು, ಜೋರಿನದು ಹೆಣ್ಣಾಗುತ್ತದೆ. ಆ ಹೆಣ್ಣು ಸತ್ತರೆ ಅದರ ಗಂಡ ಮುಂದಿನ ಹೆಣ್ಣು. ನಮ್ಮ ಮನೆಯ ಹೆಣ್ಣು ಭಾರಿ ಜಬರ್ದಸ್ತಿನವಳು. ಗಾಜು ಉಜ್ಜಲು ಕೈ ಹಾಕಿದರೆ ಬಂದು ಬೆರಳಿಗೆ ಕಚ್ಚುತ್ತಾಳೆ. ನೋವಾಗುವುದಿಲ್ಲ, ಅವಮಾನವಾಗುತ್ತದೆ. ಗಂಡು ಅವಳ ಎದುರು ಮೈ ನಡುಗಿಸಿ ಶರಣು ಅನ್ನುತ್ತದೆ. ಲೋಳೆ ಬಂತು, ಬಿಸಿ ಬಂತು, ಹವಳ ಸತ್ತಿತು, ಇವಕ್ಕೆ ಏನೂ ಆಗಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಫಿಶ್ ಇಪ್ಪತ್ತು ವರ್ಷವೂ ಬದುಕಬಲ್ಲದು. ಟ್ಯಾಂಕ್ "ಫೇಲ್" ಆಗಿದೆ ಅಂತ ನಾನು ವರ್ಷದಿಂದ ಹೇಳುತ್ತಿದ್ದೇನೆ. ಅವಕ್ಕೆ ಯಾರೂ ಹೇಳಿದ ಹಾಗಿಲ್ಲ.

ಕಾಗದ ಅಲ್ಲಿಗೆ ಬಿಟ್ಟು ಟ್ಯಾಂಕಿನಲ್ಲಿ ಏನೇನು ಉಳಿದಿದೆ ಅಂತ ನೋಡಿದೆ. ಒಂದು ಲೆದರ್ ಹವಳ, ಅಂಗೈ ಅಗಲ, ಅಣಬೆಯ ಹಾಗೆ. ಇದು ಮೆದು ಹವಳ, ಸುಣ್ಣದ ಮನೆ ಕಟ್ಟುವುದಿಲ್ಲ. ಮೇಲಿನ ಪೊರೆ ಕಳಚಿಕೊಂಡು ಮತ್ತೆ ಅರಳಿದೆ. ಒಂದು ಬಂಡೆ ತುಂಬ ಝೋಆಂಥಿಡ್. ರಾತ್ರಿ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಪಾಡ್ ಅನ್ನುವ, ಎಳ್ಳಿಗಿಂತ ಸಣ್ಣ ಸಿಗಡಿಯಂಥ ಜೀವಿಗಳು ಓಡಾಡುತ್ತವೆ. ಡೈನೋ ಹತ್ತಿರ ಹತ್ತಿರ ಹೋಗಿದೆ. ಅದು ಹೋದ ಕಥೆಯಲ್ಲಿ ನನ್ನ ಸಾಹಸ ಜಾಸ್ತಿ ಇಲ್ಲ. ಕಬ್ಬಿಣದ ಹರಳು ತೆಗೆದೆ, ವೋಡ್ಕಾ ನಿಲ್ಲಿಸಿದೆ, ಮೀನಿಗೆ ಊಟ ಜಾಸ್ತಿ ಮಾಡಿದೆ, ಒಂದು ಯುವಿ ಲೈಟ್ ಕೂರಿಸಿದೆ. ಆಸ್ಟ್ರಿಯಾಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತದೆ, ಹಾಗಾಗಿ ಯುವಿಗೆ ಸಿಗುತ್ತದೆ. ಆಮೇಲೆ ಅಮ್ಮನ ಮಾತು ಕೇಳಿ ಎರಡು ತಿಂಗಳು ಕೈ ಹಾಕಲಿಲ್ಲ. "ಜೂನ್, ಜುಲೈ ದೋಣಿಯವರೇ ಸಮುದ್ರಕ್ಕೆ ಇಳಿಯುದಿಲ್ಲ. ನಿಂಗೆಂತ ಅಷ್ಟು ಅರ್ಜೆಂಟು?" ಅಂದಿದ್ದರು. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ. ನಾನೂ ಅಷ್ಟೇ ಲೆಕ್ಕ ಇಟ್ಟೆ. ಊಟ, ಆವಿಯಾದ ನೀರು, ಅಷ್ಟು ಬಿಟ್ಟು ಬೇರೇನೂ ಇಲ್ಲ.

ಕೊನೆಗೆ ಕಾಗದದಲ್ಲಿ ಉಳಿದ ಪ್ರಶ್ನೆ ಉಪ್ಪಿನದ್ದೂ ಅಲ್ಲ, ಕರೆಂಟಿನದ್ದೂ ಅಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವನು ದಿನಕ್ಕೆ ಎಷ್ಟು ಹೊತ್ತು ಇದರ ಮುಂದೆ ಕೂರಬಲ್ಲ? ಪ್ರಾಮಾಣಿಕವಾಗಿ ಬರೆದೆ: ಹತ್ತು ನಿಮಿಷ. ಹತ್ತು ನಿಮಿಷಕ್ಕೆ ಅಕ್ರೋಪೋರಾ ಬದುಕುವುದಿಲ್ಲ. ಎರಡು ಮೀನು, ಒಂದು ಲೆದರ್, ಒಂದು ಬಂಡೆ ಝೋಆಂಥಿಡ್ ಬದುಕುತ್ತವೆ. ಅಷ್ಟಕ್ಕೆ ದೊಡ್ಡ ಲೈಟ್ ಬೇಡ, ಡೋಸಿಂಗ್ ಪಂಪ್ ಬೇಡ. ಹದಿನೈದು ದಿನಕ್ಕೊಮ್ಮೆ 20 ಲೀಟರ್ ನೀರು ಬದಲಾಯಿಸಿದರೆ ಸಾಕು. ಚಿಲ್ಲರ್ ಇರಲಿ, ಏಪ್ರಿಲ್ ಬಂದೇ ಬರುತ್ತದೆ.

ಲೈಟು, ಪಂಪು ಮಾರಾಟಕ್ಕಿದೆ ಅಂತ ಹಾಕಿದೆ. ಮರುದಿನವೇ ರಾಜರಾಜೇಶ್ವರಿ ನಗರದಿಂದ ಒಬ್ಬ ಹುಡುಗ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಫೋನಿನಲ್ಲಿ "ಅಣ್ಣ" ಅಂದವನು ನನ್ನ ತಲೆ ನೋಡಿ "ಸಾರ್" ಮಾಡಿದ. ಲೈಟನ್ನು ತಿರುಗಿಸಿ ತಿರುಗಿಸಿ ನೋಡಿದ. ಫ್ಯಾನಿನ ಸಂದಿಯಲ್ಲಿ ಉಪ್ಪು ಕೂತಿದ್ದನ್ನು ಉಗುರಿನಲ್ಲಿ ಕೆರೆದ. ನನಗೆ ಸ್ವಲ್ಪ ನಾಚಿಕೆಯಾಯಿತು.

"ಸಾರ್, ಟ್ಯಾಂಕ್ ಕೊಡಲ್ವಾ? ಫುಲ್ ಸೆಟ್ ತಗೋತೀನಿ."

"ಇಲ್ಲಪ್ಪ, ಅದರಲ್ಲಿ ಜನ ಇದ್ದಾರೆ."

"ಗಟ್ಟಿ ಹವಳ ಎಷ್ಟು ದಿನಕ್ಕೆ ಹಾಕಬಹುದು ಸಾರ್?"

ಕಾಯ್ದೆಯ ವಿಷಯ ಹೇಳಿದೆ. ಕಾಗದ ಇಲ್ಲದೆ ತರಬೇಡ ಅಂದೆ. ಮೆದು ಹವಳ ಸಾಕು, ಅದನ್ನೂ ವರ್ಷ ಆದ ಮೇಲೆ ಅಂದೆ. "ವರ್ಷಾನಾ?" ಅಂದ. ಮಿಕ್ಕದ್ದು ಕೇಳಿಸಿತೋ ಇಲ್ಲವೋ.

ಬೆಲೆಗೆ ಚೌಕಾಸಿ ಮಾಡಿದ. ಎರಡು ಸಾವಿರ ಇಳಿಸಿದೆ, ಒಂದು ಷರತ್ತಿನ ಮೇಲೆ. ಆ ದುಡ್ಡಿನಲ್ಲಿ ಟಿಡಿಎಸ್ ಮೀಟರ್ ತಗೋಬೇಕು, ಜೊತೆಗೆ ನಾಲ್ಕು ಬ್ಯಾಟರಿ ತಂದಿಟ್ಟುಕೊಳ್ಳಬೇಕು. ಅವನು ತಲೆ ಆಡಿಸಿದ. ಬ್ಯಾಟರಿ ವಿಷಯಕ್ಕೆ ಇಷ್ಟು ಗಂಭೀರವಾಗುವ ಮನುಷ್ಯನನ್ನು ಅವನು ಮೊದಲು ನೋಡಿರಲಿಕ್ಕಿಲ್ಲ. ಲೈಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಸಂಜೆ ಸಣ್ಣ ಲೈಟ್ ಹಾಕಿದೆ. ಬೆಳ್ಳಗೆ, ಸಾಧಾರಣ ಬೆಳಕು. ಹಾಲ್ ಏನೋ ಬೇರೆ ಥರ ಕಾಣುತ್ತಿತ್ತು. ಅಮ್ಮ ಮೊರದಲ್ಲಿ ಅವರೆಕಾಳು ಸುಲಿಯುತ್ತಾ ಟ್ಯಾಂಕ್ ಕಡೆ ನೋಡಿದರು, ಟಿವಿ ಕಡೆ ನೋಡಿದರು.

"ಆ ನೀಲಿ ಲೈಟು ಹೋಯ್ತಾ?"

"ಹೋಯ್ತಮ್ಮ. ಮಾರಿದೆ."

"ಒಳ್ಳೇದಾಯ್ತು. ಏಳು ವರ್ಷದಿಂದ ಹೇಳ್ಬೇಕು ಅಂತ ಇದ್ದೆ. ಅದು ಇದ್ರೆ ಧಾರಾವಾಹಿಯವರ ಮುಖ ಎಲ್ಲ ನೀಲಿ ಕಾಣ್ತಿತ್ತು ಮಾರಾಯ."